ಮಾಹುಲ್‌ಗೆ ಒಂದು ಭಾನುವಾರ

ಊರಿನ ಕಡೆಯಿಂದ ನೆಂಟರು ಬಂದರೆಂದರೆ ಅವರಿಗೆ ತೋರಿಸಬೇಕಾದ ಜಾಗಗಳ ಪಟ್ಟಿಯೊಂದು ಮುಂಬಯಿಯ ನಮ್ಮವರೆಲ್ಲರ ಮನೆಗಳಲ್ಲಿಯೂ ಸಿದ್ಧವಾಗಿರುತ್ತದೆ. ಗೇಟ್‌ವೇ, ಮಹಾಲಕ್ಷ್ಮಿ ದೇವಸ್ಥಾನ, ರಾಣಿಬಾಗು, ಚೌಪಾಟಿಯ ಭೇಲ್‌ಪುರಿ. ಹೊತ್ತು ಮಿಕ್ಕರೆ ಜುಹೂ. ಈ ಪಟ್ಟಿಯಲ್ಲಿ ಮಾಹುಲ್ ಎಂಬ ಹೆಸರು ಎಂದೂ ಬಂದದ್ದಿಲ್ಲ. ಚೆಂಬೂರಿನ ಆಚೆ ಎಣ್ಣೆಯ ಟ್ಯಾಂಕುಗಳ ನಡುವೆ ಒಂದು ಹಳ್ಳಿ ಇದೆ, ಅಲ್ಲಿ ಮನುಷ್ಯರು ವಾಸಮಾಡುತ್ತಾರೆ ಎಂಬುದು ನಮಗೂ ಪತ್ರಿಕೆಗಳಿಂದ ತಿಳಿದದ್ದೇ ಹೊರತು ಕಣ್ಣಿಂದಲ್ಲ. ಚೆಂಬೂರಿನಲ್ಲಿಯೇ ಹನ್ನೊಂದು ವರ್ಷ ಬಾಡಿಗೆಗೆ ಇದ್ದೂ ಹೋಗದ ಆ ಜಾಗಕ್ಕೆ 2025ರ ಫೆಬ್ರವರಿಯ ಒಂದು ಭಾನುವಾರ ನಾವು ಹೊರಟದ್ದು ನಮ್ಮ ದೊಡ್ಡಪ್ಪನವರ ಹಟದಿಂದ.

ದೊಡ್ಡಪ್ಪನವರಿಗೆ ಎಂಬತ್ತೊಂದು ವರ್ಷ. ದೊಡ್ಡಮ್ಮ ತೀರಿಕೊಂಡ ಮೇಲೆ ಮುಂಬಯಿ ಸಾಕು, ಇನ್ನು ಉಡುಪಿಯ ಕಡೆ ತಮ್ಮನ ಮನೆಯಲ್ಲಿ ಇರುತ್ತೇನೆ ಎಂದು ತೀರ್ಮಾನ ಮಾಡಿಕೊಂಡಿದ್ದರು. 1959ರಲ್ಲಿ, ಹದಿನೈದನೆಯ ವಯಸ್ಸಿಗೆ ಬಂದವರು. ಕೋಟೆ ವಿಭಾಗದ ಒಂದು ಹೋಟೆಲಿನಲ್ಲಿ ಹಗಲು ತಟ್ಟೆ ಲೋಟ ತೊಳೆದು, ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಕುಳಿತು ಮೆಟ್ರಿಕ್ ಮಾಡಿ, 1966ರಲ್ಲಿ ಒಂದು ವಿದೇಶೀ ಎಣ್ಣೆ ಕಂಪೆನಿಯ ರವಾನೆ ವಿಭಾಗದಲ್ಲಿ ಗುಮಾಸ್ತರಾದರು. 2004ರಲ್ಲಿ ನಿವೃತ್ತರಾಗುವಾಗ ಅದು ವಿದೇಶೀ ಕಂಪೆನಿಯಾಗಿ ಉಳಿದಿರಲಿಲ್ಲ, ಸರಕಾರದ್ದಾಗಿತ್ತು. ಹೆಸರು ಬದಲಾಯಿತು, ದೊಡ್ಡಪ್ಪನವರ ಮೇಜು ಮಾತ್ರ ಬದಲಾಗಲಿಲ್ಲ ಎಂದು ದೊಡ್ಡಮ್ಮ ತಮಾಷೆ ಮಾಡುತ್ತಿದ್ದರು. ಹೊರಡುವ ಮೊದಲು ಎಲ್ಲಿಗಾದರೂ ಹೋಗಬೇಕೆ ಎಂದು ಕೇಳಿದಾಗ, ಶಿರಡಿಯನ್ನೋ ಸಿದ್ಧಿವಿನಾಯಕನನ್ನೋ ಹೇಳುತ್ತಾರೆಂದು ನಾವು ಎಣಿಸಿದ್ದೆವು.

"ಮಾಹುಲ್ ಹಳ್ಳಿಗೆ ಒಮ್ಮೆ ಕರಕೊಂಡು ಹೋಗು ಮಾರಾಯ" ಎಂದರು.

"ಅಲ್ಲಿ ಎಂತ ಇದೆ ದೊಡ್ಡಪ್ಪ? ಮೂವತ್ತೆಂಟು ವರ್ಷ ಆ ಕಡೆಯೇ ಕೆಲಸ ಮಾಡಿದ್ದೀರಲ್ಲ!"

"ಕೆಲಸ ಗೇಟಿನ ಒಳಗೆ ಮಾಡಿದ್ದು. ಹಳ್ಳಿ ಗೇಟಿನ ಹೊರಗೆ ಇರುವುದು. ಕಂಪೆನಿ ಬಸ್ಸಿನಲ್ಲಿ ಹೋದೆ, ಬಸ್ಸಿನಲ್ಲಿ ಬಂದೆ. ಒಂದು ದಿವಸ ಇಳಿದು ನೋಡಲಿಲ್ಲ."

ಹೀಗೆ ನಾವು, ನಮ್ಮ ಮನೆಯವರು, ಎಂಟು ವರ್ಷದ ಮಗಳು ಮತ್ತು ದೊಡ್ಡಪ್ಪ, ಬುತ್ತಿಗೆ ನೀರುದೋಸೆ ಕಟ್ಟಿಕೊಂಡು ಹೊರಟೆವು. ಚೆಂಬೂರಿನಿಂದ ಮೊನೊರೈಲು ಹತ್ತುವುದೆಂದು ಮಗಳ ಶರತ್ತು. 2014ರ ಫೆಬ್ರವರಿಯಲ್ಲಿ ಆರಂಭವಾದ ಈ ಒಂಟಿ ಹಳಿಯ ಗಾಡಿ ಮುಂಬಯಿಗೆ ಎಷ್ಟು ಉಪಕಾರ ಮಾಡಿತೋ ಹೇಳುವುದು ಕಷ್ಟ. ನಾವು ಹತ್ತಿದ ಡಬ್ಬಿಯಲ್ಲಿ ನಮ್ಮನ್ನು ಬಿಟ್ಟರೆ ಆರೇ ಜನ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಸುಧಾರಣೆಯ ಸಲುವಾಗಿ ಅದನ್ನು ನಿಲ್ಲಿಸಿದರೆಂದು ಕೇಳಿ ಮಗಳು ಮುಖ ಸಣ್ಣದು ಮಾಡಿದಳು. ಅಂದು ಮಾತ್ರ ಅವಳಿಗೆ ವಿಮಾನ ಹತ್ತಿದಷ್ಟು ಸಂತೋಷ. ಫರ್ಟಿಲೈಸರ್ ಟೌನ್‌ಶಿಪ್ ಎಂಬ ನಿಲ್ದಾಣ ಬಂತು, ಅದರ ಹಿಂದೆ ಭಾರತ್ ಪೆಟ್ರೋಲಿಯಂ ಎಂಬುದು ಬಂತು. ಮುಂದಿನದರ ಹೆಸರನ್ನು ಅವಳು ಕೂಡಿಸಿ ಓದಿ "ಅಪ್ಪಾ, ಮೈಸೂರು!" ಎಂದು ಕೂಗಿದಳು. ಹೌದು, ಮೈಸೂರು ಕಾಲನಿ. ಮುಂಬಯಿಯ ಎಣ್ಣೆ ಟ್ಯಾಂಕುಗಳ ಬುಡದಲ್ಲಿ ನಮ್ಮ ಮೈಸೂರಿನ ಹೆಸರನ್ನು ನೋಡಿದಾಗ ನಮಗೂ ಒಂದು ಕ್ಷಣ ಹೆಮ್ಮೆಯೇ ಆಯಿತೆನ್ನಬೇಕು. ಬಾಗಿಲು ತೆರೆದು ಗಾಳಿ ಒಳಗೆ ನುಗ್ಗಿದಾಗ ಆ ಹೆಮ್ಮೆ ಸ್ವಲ್ಪ ಇಳಿಯಿತು. ಗಂಧಕದ್ದೋ ಗ್ಯಾಸಿನದ್ದೋ ಎಂದು ಹೇಳಲಾಗದ ವಾಸನೆ. ನಮ್ಮ ಮನೆಯವರು ಸೆರಗನ್ನು ಮೂಗಿಗೆ ಹಿಡಿದರು. ದೊಡ್ಡಪ್ಪ ಮಾತ್ರ ಹಳೆಯ ಗೆಳೆಯನನ್ನು ಕಂಡವರಂತೆ ನಕ್ಕರು.

ಗಾಡಿ ಎತ್ತರದಲ್ಲಿ ಹೋಗುವುದರಿಂದ ಆವರಣದ ಒಳಗಿನ ಪ್ರಪಂಚ ಚೆನ್ನಾಗಿ ಕಾಣುತ್ತದೆ. ದೊಡ್ಡ ದೊಡ್ಡ ಬೆಳ್ಳನೆಯ ಟ್ಯಾಂಕುಗಳು, ಕರುಳಿನಂತೆ ಸುತ್ತಿಕೊಂಡ ಕೊಳವೆಗಳು, ಗೋಪುರಗಳು, ಎತ್ತರದ ಚಿಮಣಿಯ ತುದಿಯಲ್ಲಿ ಹಗಲಿನಲ್ಲಿಯೂ ಉರಿಯುವ ಜ್ವಾಲೆ. ಒಳಗೆ ಒತ್ತಡ ಹೆಚ್ಚಾದ ಅನಿಲವನ್ನು ಹಾಗೆಯೇ ಬಿಟ್ಟರೆ ಅಪಾಯ, ಆದ್ದರಿಂದ ಸುಟ್ಟುಬಿಡುತ್ತಾರೆ ಎಂದು ದೊಡ್ಡಪ್ಪ ಮೊಮ್ಮಗಳಿಗೆ ವಿವರಿಸಿದರು. "ಅಡಿಗೆಗೆ ಕೊಡಬಹುದಲ್ಲ ಅಜ್ಜ" ಎಂದಳು ಅವಳು. ಅದಕ್ಕೆ ಅವರಲ್ಲಿ ಸಿದ್ಧ ಉತ್ತರವಿರಲಿಲ್ಲ.

ಇಲ್ಲಿ ಸ್ವಲ್ಪ ಇತಿಹಾಸ ಹೇಳುವುದು ಅವಶ್ಯ. ಸ್ವಾತಂತ್ರ್ಯ ಬಂದಾಗ ನಮ್ಮ ದೇಶದಲ್ಲಿ ಹೆಸರಿಗೆ ಇದ್ದ ಎಣ್ಣೆ ಶುದ್ಧೀಕರಣದ ಕಾರ್ಖಾನೆಯೆಂದರೆ ಅಸ್ಸಾಮಿನ ದಿಗ್ಬೋಯಿಯದು, 1901ರದು. ಸೀಮೆಎಣ್ಣೆಯಿಂದ ಹಿಡಿದು ವಿಮಾನದ ಪೆಟ್ರೋಲಿನವರೆಗೆ ಹೆಚ್ಚಿನದೆಲ್ಲ ಹಡಗಿನಲ್ಲಿ ಬರಬೇಕಿತ್ತು. 1951ರಲ್ಲಿ ಭಾರತ ಸರಕಾರ ಅಮೆರಿಕದ ಸ್ಟ್ಯಾಂಡರ್ಡ್ ವ್ಯಾಕ್ಯೂಮ್ ಕಂಪೆನಿಯೊಡನೆಯೂ ಬ್ರಿಟಿಷರ ಬರ್ಮಾ ಶೆಲ್ ಕಂಪೆನಿಯೊಡನೆಯೂ ಒಪ್ಪಂದ ಮಾಡಿಕೊಂಡಿತು. ಇಪ್ಪತ್ತೈದು ವರ್ಷ ರಾಷ್ಟ್ರೀಕರಣ ಮಾಡುವುದಿಲ್ಲ ಎಂದು ಸರಕಾರ ಮಾತು ಕೊಟ್ಟಿತು. ಇವರಿಗೆ ಬೇಕಾದದ್ದು ದೊಡ್ಡ ಹಡಗು ನಿಲ್ಲುವ ಬಂದರು, ಪಕ್ಕದಲ್ಲಿ ವಿಶಾಲವಾದ ನೆಲ, ಹತ್ತಿರದಲ್ಲಿ ಗಿರಾಕಿ. ಮೂರೂ ತುರ್ಭೆಯ ಈ ಮೂಲೆಯಲ್ಲಿ ದೊರೆತವು. 1954ರಲ್ಲಿ ಸ್ಟ್ಯಾಂಡರ್ಡ್ ವ್ಯಾಕ್ಯೂಮಿನ ಕಾರ್ಖಾನೆ, 1955ರಲ್ಲಿ ಬರ್ಮಾ ಶೆಲ್ಲಿನ ಕಾರ್ಖಾನೆ ಕೆಲಸ ಆರಂಭಿಸಿದವು. ಮೊದಲನೆಯದರ ಶಕ್ತಿ ವರ್ಷಕ್ಕೆ ಹನ್ನೆರಡೂವರೆ ಲಕ್ಷ ಟನ್ನು, ಎರಡನೆಯದರದು ಇಪ್ಪತ್ತೆರಡು ಲಕ್ಷ. ಸಮುದ್ರದಲ್ಲಿ ಬುಚರ್ ಐಲೆಂಡ್, ಅಂದರೆ ಜವಾಹರ ದ್ವೀಪದಲ್ಲಿ ಹಡಗಿನಿಂದ ಎಣ್ಣೆ ಇಳಿಸುವ ಕಟ್ಟೆ ಎದ್ದಿತು. ಅಲ್ಲಿಂದ ಸಮುದ್ರದ ಅಡಿಯ ಕೊಳವೆಗಳಲ್ಲಿ ಎಣ್ಣೆ ದಡಕ್ಕೆ ಬರುತ್ತದೆ. ಹಿಂದೆಯೇ ಟಾಟಾರವರ ವಿದ್ಯುತ್ ಕೇಂದ್ರ, ಪರಮಾಣು ಸಂಶೋಧನಾ ಕೇಂದ್ರ, 1965ರಲ್ಲಿ ಗೊಬ್ಬರದ ಕಾರ್ಖಾನೆ. ಮೀನು ಹಿಡಿಯುತ್ತ, ಉಪ್ಪು ಮಾಡುತ್ತ, ಒಂದಿಷ್ಟು ಭತ್ತ ಬೆಳೆಯುತ್ತ ಇದ್ದ ಕೋಳಿ ಆಗ್ರಿ ಜನರ ಹಳ್ಳಿಗಳ ಸುತ್ತ ಹತ್ತು ಹದಿನೈದು ವರ್ಷಗಳಲ್ಲಿ ಗೋಡೆಗಳು ಬಂದವು.

1962ರಲ್ಲಿ ಸ್ಟ್ಯಾಂಡರ್ಡ್ ವ್ಯಾಕ್ಯೂಮ್ ಒಡೆದು ಇಲ್ಲಿಯದು ಎಸ್ಸೋ ಆಯಿತು. 1974ರಲ್ಲಿ ಸರಕಾರ ಅದನ್ನು ತೆಗೆದುಕೊಂಡು ಹಿಂದೂಸ್ತಾನ್ ಪೆಟ್ರೋಲಿಯಂ ಮಾಡಿತು. 1976ರಲ್ಲಿ ಬರ್ಮಾ ಶೆಲ್ ಸರಕಾರದ ಕೈಗೆ ಬಂದು ಮರುವರ್ಷ ಭಾರತ್ ಪೆಟ್ರೋಲಿಯಂ ಎಂದು ಹೆಸರಾಯಿತು. ಅತಿಥಿ ಹೋಗಿ ಮನೆಯವನೇ ಯಜಮಾನನಾದ. ಗೋಡೆಯ ಹೊರಗಿನವರಿಗೆ ಇದರಿಂದ ಏನು ವ್ಯತ್ಯಾಸವಾಯಿತು ಎಂಬುದನ್ನೇ ನೋಡಲು ನಾವು ಹೊರಟಿದ್ದೆವೆಂದು ಈಗ ಅನಿಸುತ್ತದೆ. ಆಗ ಅಷ್ಟು ದೊಡ್ಡ ಯೋಚನೆ ಏನೂ ಇರಲಿಲ್ಲ.

ಮೈಸೂರು ಕಾಲನಿಯಲ್ಲಿ ಇಳಿದು ರಿಕ್ಷಾ ಹಿಡಿದೆವು. ಟ್ಯಾಂಕರ್ ಲಾರಿಗಳ ಸಾಲು ಮುಗಿಯುವುದೇ ಇಲ್ಲ. ಎರಡೂ ಕಡೆ ಮುಳ್ಳುತಂತಿಯ ಗೋಡೆ, "ಧೂಮ್ರಪಾನ ಮಾಡಬಾರದು" ಎಂಬ ಫಲಕಗಳು. ಇದ್ದಕ್ಕಿದ್ದಂತೆ ರಸ್ತೆ ಕಿರಿದಾಗಿ ಹಳ್ಳಿ ಬಂದೇ ಬಿಟ್ಟಿತು. ಹಂಚಿನ ಮಾಡಿನ ಹಳೆಯ ಮನೆಗಳು, ನಡುವೆ ಹೊಸ ಸಿಮೆಂಟಿನ ಮನೆಗಳು, ತುಳಸಿಕಟ್ಟೆ, ಅಂಗಳದ ಹಗ್ಗದ ಮೇಲೆ ಒಣಹಾಕಿದ ಬೊಂಬಿಲ್ ಮೀನು, ಮೂಲೆಯಲ್ಲಿ ರಾಶಿಬಿದ್ದ ಬಲೆ. ನಮ್ಮ ಮಲ್ಪೆಯ ಕಡೆಯ ಓಣಿಯೊಂದಕ್ಕೆ ಬಂದಂತಾಯಿತು. ಓದುಗರಿಗೆ ಒಂದು ಸಂಗತಿ ಹೇಳಬೇಕು: ಎರಡು ದೊಡ್ಡ ಎಣ್ಣೆ ಕಾರ್ಖಾನೆಗಳಿಗೂ ಈ ಮೀನುಗಾರರ ಮನೆಗಳಿಗೂ ಅಂಚೆಯ ಪಿನ್‌ಕೋಡು ಒಂದೇ, 400074.

ಕಟ್ಟೆಯೊಂದರ ಮೇಲೆ ಬಲೆ ಸರಿಮಾಡುತ್ತ ಕುಳಿತಿದ್ದ ಒಬ್ಬ ಮುದುಕರು ನಮ್ಮನ್ನು ನೋಡಿ "ಕಾಯ್ ಪಾಹುಣೇ, ಕುಠೂನ್?" ಎಂದು ಕೇಳಿದರು. ಎಲ್ಲಿಂದ ಬಂದ ನೆಂಟರು ಎಂದರ್ಥ. ಚೆಂಬೂರಿನಿಂದ ಎಂದಾಗ ನಕ್ಕು, "ಚೆಂಬೂರಿನಿಂದ ಯಾರೂ ಇಲ್ಲಿಗೆ ನೆಂಟರಾಗಿ ಬರುವುದಿಲ್ಲ, ಸರ್ವೇ ಮಾಡುವುದಕ್ಕೆ ಬರುತ್ತಾರೆ" ಎಂದರು. ಅವರಿಗೆ ದೊಡ್ಡಪ್ಪನವರಷ್ಟೇ ವಯಸ್ಸಿರಬೇಕು. ಒಳಗಿನಿಂದ ಸೊಸೆ ಚಹಾ ತಂದುಕೊಟ್ಟಳು. ದೊಡ್ಡಪ್ಪನವರ ಮರಾಠಿ ನಮ್ಮದಕ್ಕಿಂತ ಶುದ್ಧ. ಅರುವತ್ತು ವರ್ಷದ ಹಿಂದಿನ ಮುಂಬಯಿಯ ಬಗ್ಗೆ ಇಬ್ಬರೂ ಮಾತಿಗೆ ಕುಳಿತರು. ಟ್ರ್ಯಾಮು, ಡಾಲ್ಡಾ ಡಬ್ಬಿ, ಒಂದಾಣೆಗೆ ಎಷ್ಟು ಜವಳಾ ಮೀನು ಸಿಗುತ್ತಿತ್ತು ಎಂಬ ಲೆಕ್ಕ. ನಮ್ಮ ಮನೆಯವರು ಸೊಸೆಯೊಡನೆ ಅಡಿಗೆಮನೆಯ ಕಡೆ ಹೋದರು.

ಸ್ವಲ್ಪ ಹೊತ್ತಿನ ಮೇಲೆ ದೊಡ್ಡಪ್ಪ ತಾವು ಎಲ್ಲಿ ಕೆಲಸದಲ್ಲಿದ್ದರೆಂದು ಹೇಳಿದರು. ಮುದುಕರ ಕೈಯ ಸೂಜಿ ನಿಂತಿತು.

"ಯಾವ ವರ್ಷ ಸೇರಿದಿರಿ?"

"ಅರುವತ್ತಾರು."

"ಆ ವರ್ಷ ನಮ್ಮ ಹಳ್ಳಿಯಿಂದಲೂ ನಾಲ್ಕೈದು ಹುಡುಗರು ಅರ್ಜಿ ಹಾಕಿದ್ದರು. ಒಂದು ಕಾರ್ಖಾನೆಗಲ್ಲ, ಸುತ್ತ ಇದ್ದ ಎಲ್ಲದಕ್ಕೂ. ನನ್ನ ಅಣ್ಣ ಮೆಟ್ರಿಕ್ ಪಾಸು. ಅವನಿಗೆ ಎಲ್ಲಿಯೂ ಆಗಲಿಲ್ಲ. ಕಂತ್ರಾಟುದಾರನ ಕೈಕೆಳಗೆ ಪೈಪಿಗೆ ಬಣ್ಣ ಬಳಿಯುವ ಕೆಲಸ ಆಯಿತು."

ದೊಡ್ಡಪ್ಪ ಏನೂ ಅನ್ನಲಿಲ್ಲ. ಅವರು ಚಹಾದ ಬಶಿಯನ್ನು ಕೆಳಗಿಟ್ಟರು. ಆಮೇಲೆ ನಿಧಾನವಾಗಿ ಅವರು ಹೇಳಿದ ಸಂಗತಿಯನ್ನು ನಾವು ಅಷ್ಟು ವರ್ಷ ಒಂದೇ ಮನೆಯವರಾಗಿದ್ದೂ ಕೇಳಿರಲಿಲ್ಲ. ಪರೀಕ್ಷೆಗೆ ಕುಳಿತ ದಿವಸ ಪಕ್ಕದ ಬೆಂಚಿನಲ್ಲಿ ಒಬ್ಬ ಕೋಳಿ ಹುಡುಗನಿದ್ದನಂತೆ. ಇವರ ಪೆನ್ನಿನಲ್ಲಿ ಶಾಯಿ ಮುಗಿದಾಗ ತನ್ನ ಪೆನ್ನಿನಿಂದ ನಾಲ್ಕು ಹನಿ ಹಾಕಿಕೊಟ್ಟನಂತೆ. ಲೆಕ್ಕದ ಕಾಗದದಲ್ಲಿ ಅವನೇ ಮುಂದಿದ್ದನೆಂದು ಇವರಿಗೆ ಗೊತ್ತಿತ್ತು. ಉತ್ತರಗಳನ್ನು ಹೊರಗೆ ಹೋಲಿಸಿ ನೋಡಿದ್ದರು. ಮೌಖಿಕ ಪರೀಕ್ಷೆಗೆ ಕರೆದಾಗ ಮೇಜಿನ ಆಚೆ ಕುಳಿತ ಹೆಡ್‌ಗುಮಾಸ್ತರು ಕಾಗದದಿಂದ ತಲೆಯೆತ್ತಿ ಮೆಲ್ಲಗೆ, "ಊರು ಯಾವುದು?" ಎಂದು ಕನ್ನಡದಲ್ಲಿ ಕೇಳಿದರು. ಅಷ್ಟೇ. ಮುಂದಿನ ಸೋಮವಾರ ಕೆಲಸಕ್ಕೆ ಹಾಜರಾಗಲು ಕಾಗದ ಬಂತು.

"ಆ ಹುಡುಗ ನಿಮ್ಮ ಅಣ್ಣ ಇರಬಹುದೋ ಎಂದು ಕೇಳಲಿಕ್ಕೆ ಬಂದೆ" ಎಂದರು ದೊಡ್ಡಪ್ಪ.

ಮುದುಕರು ಬಹಳ ಹೊತ್ತು ಬಲೆಯನ್ನೇ ನೋಡುತ್ತಿದ್ದರು. "ಇರಬಹುದು. ಇರಲಿಕ್ಕಿಲ್ಲ. ಅಣ್ಣ ಸತ್ತು ಹದಿನಾರು ವರ್ಷವಾಯಿತು. ಬರೆಯುವುದಕ್ಕೆ ಕುಳಿತವರು ಬಹಳ ಜನ" ಎಂದರು.

ಇಲ್ಲಿ ನಾವು ನಮ್ಮ ಮಾತನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ನಮ್ಮ ಸಂಘದ ಸಭೆಗಳಲ್ಲಿ ಹಿರಿಯರು 1966ನೆಯ ವರ್ಷದ ಬಗ್ಗೆ ಹೇಳುವುದನ್ನು ನಾವೆಲ್ಲರೂ ಕೇಳಿದ್ದೇವೆ. 1960ರಿಂದ ಬರುತ್ತಿದ್ದ 'ಮಾರ್ಮಿಕ' ವಾರಪತ್ರಿಕೆಯಲ್ಲಿ ಮುಂಬಯಿಯ ಕಂಪೆನಿಗಳಲ್ಲಿರುವ ದಕ್ಷಿಣದವರ ಹೆಸರುಗಳ ಪಟ್ಟಿಗಳನ್ನು ಅಚ್ಚುಮಾಡಿದ್ದು, 1966ರ ಜೂನ್ 19ರಂದು ಶಿವಸೇನೆ ಹುಟ್ಟಿದ್ದು, ಉಡುಪಿ ಹೋಟೆಲುಗಳ ಗಾಜಿಗೆ ಕಲ್ಲು ಬಿದ್ದದ್ದು, ಲುಂಗಿ ಉಟ್ಟವರನ್ನು ಹೀಯಾಳಿಸುವ ಘೋಷಣೆ ಬೀದಿಗಳಲ್ಲಿ ಮೊಳಗಿದ್ದು. ಅದೆಲ್ಲ ನಿಜ. ಕಲ್ಲು ಹೊಡೆದದ್ದು ತಪ್ಪು. ಬೆವರು ಸುರಿಸಿ ದುಡಿದ ಹುಡುಗರನ್ನು ಹೆದರಿಸಿದ್ದು ತಪ್ಪು. ಆದರೆ ಆ ಕಥೆಯನ್ನು ನಾವು ಯಾವಾಗಲೂ ಹೋಟೆಲಿನ ಗಾಜಿನ ಒಳಗಿನಿಂದಲೇ ಹೇಳಿದ್ದೇವೆ. "ಊರು ಯಾವುದು?" ಎಂಬ ಐದು ಅಕ್ಷರದ ಪ್ರಶ್ನೆ ಎಷ್ಟು ಮೇಜುಗಳ ಆಚೆಯಿಂದ ಎಷ್ಟು ಭಾಷೆಗಳಲ್ಲಿ ಕೇಳಲ್ಪಟ್ಟಿತೋ, ಅದನ್ನು ಕೇಳಿ ಬದುಕಿಕೊಂಡವರಲ್ಲಿ ನಮ್ಮವರೂ ಇದ್ದರು. ನಾವು ಇಂದು ಉಣ್ಣುವ ಅನ್ನದಲ್ಲಿ ಅದರ ಒಂದು ಅಗುಳು ಇದೆ.

ಕಚೇರಿಯಲ್ಲಿ ನಮ್ಮ ಕೈಯ ಮೂಲಕ 'ಸ್ಥಳೀಯ' ಎಂಬ ಪದ ದಿನವೂ ಹಾದುಹೋಗುತ್ತದೆ. ಮಹಾರಾಷ್ಟ್ರದಲ್ಲಿ ಹದಿನೈದು ವರ್ಷ ವಾಸವಿದ್ದನೆಂದು ಕಾಗದ ತೋರಿಸಿದವನಿಗೆ ಡೊಮಿಸೈಲ್ ಪತ್ರ ದೊರೆಯುತ್ತದೆ. ಬಾಡಿಗೆ ರಸೀದಿ, ಶಾಲೆಯ ದಾಖಲೆ, ವಿದ್ಯುತ್ ಬಿಲ್ಲು ಎಲ್ಲವನ್ನೂ ಕ್ರಮವಾಗಿ ಜೋಡಿಸಿಕೊಂಡು ಬರುವವರು ಹೆಚ್ಚಾಗಿ ನಮ್ಮಂತೆ ಹೊರಗಿನಿಂದ ಬಂದವರ ಮಕ್ಕಳು. ಹೆದರಿಕೆ ಇರುವವನು ಕಾಗದ ಜೋಪಾನ ಮಾಡುತ್ತಾನೆ. ಹತ್ತು ತಲೆಮಾರಿನಿಂದ ಒಂದೇ ಅಂಗಳದಲ್ಲಿ ಮೀನು ಒಣಗಿಸಿದವನಿಗೆ ತಾನು ಸ್ಥಳೀಯನೆಂದು ಸಾಬೀತು ಮಾಡಬೇಕಾದೀತೆಂದು ಹೊಳೆಯುವುದೇ ಇಲ್ಲ.

ಊಟದ ಹೊತ್ತಾಯಿತು. ನೀರುದೋಸೆಯನ್ನು ಬಿಚ್ಚಿದೆವು, ಅವರು ಸುಕಟಿನ ಚಟ್ನಿ ಕೊಟ್ಟರು. ಈ ಎರಡರ ಜೋಡಿಯನ್ನು ಓದುಗರು ಅವಶ್ಯವಾಗಿ ಮಾಡಿ ನೋಡಬೇಕು.

ಗಾಳಿಯ ವಿಷಯ ತೆಗೆದದ್ದು ಸೊಸೆ. ಬೆಳಗಿನ ಜಾವ ವಾಸನೆ ಹೆಚ್ಚಂತೆ, ಮಕ್ಕಳಿಗೆ ಕಣ್ಣುರಿ. ಹಿಂದೆ ನಮ್ಮ ಮನೆಗಳಲ್ಲಿ ಸೀಮೆಎಣ್ಣೆಯ ಡಬ್ಬಿಯ ಮುಚ್ಚಳ ತೆಗೆದಾಗ ಗಪ್ಪೆಂದು ಬರುತ್ತಿದ್ದ ವಾಸನೆಯನ್ನು ಹಿರಿಯರು ನೆನಪು ಮಾಡಿಕೊಳ್ಳಬಹುದು. ಎಣ್ಣೆ ಮತ್ತು ರಾಸಾಯನಿಕಗಳನ್ನು ತುಂಬುವಾಗ, ಇಳಿಸುವಾಗ, ಟ್ಯಾಂಕಿನಲ್ಲಿ ಇಟ್ಟಿರುವಾಗ ಅವುಗಳ ಹಗುರವಾದ ಅಂಶ ಹಬೆಯಾಗಿ ಏಳುತ್ತದೆ. ಬೆಂಜೀನ್, ಟಾಲೀನ್ ಮುಂತಾದುವು ಅದರಲ್ಲಿವೆ. ಬೆಂಜೀನ್ ರಕ್ತದ ಕ್ಯಾನ್ಸರಿಗೆ ಕಾರಣವಾಗಬಲ್ಲದು. ಇದನ್ನು ತಡೆಯುವ ಉಪಾಯವಿಲ್ಲವೆಂದಲ್ಲ. ಎಣ್ಣೆಯ ಮೇಲೆಯೇ ತೇಲುವ ಮುಚ್ಚಳವಿರುವ ಟ್ಯಾಂಕುಗಳಿವೆ, ಲಾರಿಗೆ ತುಂಬುವಾಗ ಹಬೆಯನ್ನು ಹಿಂದಕ್ಕೆ ಹೀರಿಕೊಳ್ಳುವ ಯಂತ್ರಗಳಿವೆ. ಅವಕ್ಕೆ ಹಣ ಬೇಕು, ಅದಕ್ಕಿಂತ ಹೆಚ್ಚಾಗಿ ಯಾರಾದರೂ ಹಿಂದೆ ಬಿದ್ದು ಕೇಳಬೇಕು.

ಮಾಹುಲ್ ಮತ್ತು ಅಂಬಾಪಾಡಾದ ಕೆಲವು ನಿವಾಸಿಗಳು ಹಿಂದೆ ಬಿದ್ದು ಕೇಳಿದರು. ಕೆ.ಇ.ಎಂ. ಆಸ್ಪತ್ರೆಯವರು ಅಲ್ಲಿ ಸಮೀಕ್ಷೆ ಮಾಡಿದಾಗ ನೂರಕ್ಕೆ 67ರಷ್ಟು ಜನ ತಿಂಗಳಿಗೆ ಮೂರಕ್ಕಿಂತ ಹೆಚ್ಚು ಸಲ ಉಸಿರು ಕಟ್ಟುತ್ತದೆ ಎಂದೂ, 86ಕ್ಕೂ ಹೆಚ್ಚು ಜನ ಕಣ್ಣು ಉರಿಯುತ್ತದೆ ಎಂದೂ ಹೇಳಿದ್ದರು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರ ಡಿಸೆಂಬರಿನಲ್ಲಿ ಇಲ್ಲಿಯ ಗಾಳಿಯಿಂದ ಜನರ ಆರೋಗ್ಯಕ್ಕೆ ಅಪಾಯವಿರುವುದು ಸ್ಪಷ್ಟವೆಂದು ಹೇಳಿತು. 2020ರ ಆಗಸ್ಟಿನಲ್ಲಿ ನಾಲ್ಕು ಕಂಪೆನಿಗಳು ಸೇರಿ ಸುಮಾರು 286 ಕೋಟಿ ರೂಪಾಯಿ ಕೊಡಬೇಕೆಂದು ಆಜ್ಞೆ ಮಾಡಿತು: ಏಜಿಸ್ ಲಾಜಿಸ್ಟಿಕ್ಸ್ 142 ಕೋಟಿ, ಹಿಂದೂಸ್ತಾನ್ ಪೆಟ್ರೋಲಿಯಂ 76.5 ಕೋಟಿ, ಭಾರತ್ ಪೆಟ್ರೋಲಿಯಂ 67.5 ಕೋಟಿ, ಸೀ ಲಾರ್ಡ್ ಕಂಟೇನರ್ಸ್ 20 ಲಕ್ಷ. ಕಂಪೆನಿಗಳು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದವು. ಹಳ್ಳಿಯವರು ಆ ಅಂಕೆಗಳನ್ನು ನಮ್ಮ ಮಗಳು ಮಗ್ಗಿ ಹೇಳುವಂತೆ ಹೇಳುತ್ತಾರೆ. ಅವರಿಗೆ ಬೇಕಾದದ್ದು ಹಣವಲ್ಲ. "ಬೆಳಗ್ಗೆ ಕಿಟಕಿ ತೆಗೆಯುವಂತಾಗಬೇಕು" ಎಂದಳು ಸೊಸೆ.

ಕಂಪೆನಿಗಳ ಪಕ್ಷವನ್ನೂ ಹೇಳಬೇಕಲ್ಲ. 2020ರ ಏಪ್ರಿಲಿನಿಂದ ದೇಶದಲ್ಲಿ ಮಾರುವ ಪೆಟ್ರೋಲು ಡೀಸೆಲಿನಲ್ಲಿ ಗಂಧಕದ ಅಂಶ ಹತ್ತು ಲಕ್ಷಕ್ಕೆ ಐವತ್ತು ಭಾಗದಿಂದ ಹತ್ತಕ್ಕೆ ಇಳಿಯಿತು. ಅದಕ್ಕಾಗಿ ಈ ಕಾರ್ಖಾನೆಗಳಲ್ಲಿ ಹೊಸ ಯಂತ್ರಗಳು ಬಂದವು, ಇಡೀ ಮುಂಬಯಿಯ ಹೊಗೆ ಅಷ್ಟರಮಟ್ಟಿಗೆ ಸ್ವಚ್ಛವಾಯಿತು. 2013ರ ಕಂಪೆನಿ ಕಾಯಿದೆಯಂತೆ ಲಾಭದ ನೂರಕ್ಕೆ ಎರಡರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಲೇಬೇಕು. ಶಾಲೆಗೆ ಬೆಂಚು, ಆಸ್ಪತ್ರೆಗೆ ಗಾಡಿ, ಹೆಣ್ಣುಮಕ್ಕಳಿಗೆ ಹೊಲಿಗೆ ಯಂತ್ರ ಇದರಿಂದಲೇ ಬರುವುದು. ಒಳ್ಳೆಯದೇ. ಆದರೆ ಹೊಲಿಗೆ ಯಂತ್ರದ ಮುಂದೆ ಕುಳಿತವಳೂ ಅದೇ ಗಾಳಿಯನ್ನೇ ಉಸಿರಾಡಬೇಕು. ಅದಲ್ಲದೆ ಬೆಂಕಿಯ ಹೆದರಿಕೆ ಬೇರೆ. 2018ರ ಆಗಸ್ಟ್ 8ರಂದು ಭಾರತ್ ಪೆಟ್ರೋಲಿಯಂನ ಕಾರ್ಖಾನೆಯಲ್ಲಿ ಸ್ಫೋಟವಾಗಿ ನಲವತ್ತಕ್ಕೂ ಹೆಚ್ಚು ಜನಕ್ಕೆ ಗಾಯವಾದಾಗ ನಮ್ಮ ಚೆಂಬೂರಿನ ಮನೆಯ ಕಿಟಕಿಯೇ ನಡುಗಿತ್ತು. ಇಲ್ಲಿ ಹೇಗಾಗಿರಬೇಡ!

ಹಳ್ಳಿಯಿಂದ ಹೊರಟು ಸಮುದ್ರದ ಕಡೆ ನಡೆಯುವಾಗ ಒಂದೇ ಅಚ್ಚಿನ ಏಳು ಮಾಳಿಗೆಯ ಕಟ್ಟಡಗಳ ಗುಂಪು ಕಂಡಿತು. ನಗರದ ಬೇರೆ ಬೇರೆ ಕಡೆ ಗುಡಿಸಲು ಕೆಡವಿದಾಗ ಎದ್ದವರಿಗೆಂದು ಕಟ್ಟಿಸಿದವು, ಹದಿನೇಳು ಸಾವಿರಕ್ಕೂ ಹೆಚ್ಚು ಕೋಣೆಗಳು. ತಾನ್ಸಾ ನೀರಿನ ಕೊಳವೆಯ ಪಕ್ಕದಿಂದ 2017ರಲ್ಲಿ ಎಬ್ಬಿಸಿದವರನ್ನು ಇಲ್ಲಿಗೆ ತಂದರು. ಅವರು ಇಲ್ಲಿ ಬದುಕಲಾಗದೆಂದು ನ್ಯಾಯಾಲಯಕ್ಕೆ ಹೋದರು. 2019ರ ಸೆಪ್ಟೆಂಬರಿನಲ್ಲಿ ಮುಂಬಯಿ ಉಚ್ಚ ನ್ಯಾಯಾಲಯ, ಯಾರನ್ನೂ ಬಲವಂತವಾಗಿ ಮಾಹುಲ್‌ಗೆ ಕಳುಹಿಸಬಾರದು, ಬೇರೆ ಮನೆ ಕೊಡುವವರೆಗೆ ತಿಂಗಳಿಗೆ 15,000 ರೂಪಾಯಿ ಬಾಡಿಗೆ ಕೊಡಬೇಕು ಎಂದು ಹೇಳಿತು. ಈ ತೀರ್ಪನ್ನು ಮುದುಕರು ಬಹಳ ಮೆಚ್ಚಿಕೊಂಡಿದ್ದರು. "ಬಂದವರಿಗೆ ಇದು ಇರಲಿಕ್ಕೆ ಯೋಗ್ಯವಲ್ಲದ ಜಾಗ ಎಂದು ಕೋರ್ಟೇ ಹೇಳಿತು. ಮೊದಲಿನಿಂದ ಇದ್ದವರಿಗೆ ಯೋಗ್ಯವೋ ಎಂದು ಕೇಳಲು ಮಾತ್ರ ಯಾರಿಗೂ ನೆನಪಾಗಲಿಲ್ಲ" ಎಂದು ಅವರು ಕಟ್ಟೆಯ ಮೇಲೆ ಹೇಳಿದ್ದ ಮಾತು ನಮಗೆ ಆ ಕಟ್ಟಡಗಳ ಬುಡದಲ್ಲಿ ಅರ್ಥವಾಯಿತು.

ಸಮುದ್ರ ಎಂದೆವು, ನಿಜವಾಗಿ ಅದು ಖಾರಿ. ಇಳಿತದ ಹೊತ್ತು. ಕಪ್ಪು ಕೆಸರಿನ ಬಯಲು, ಅಂಚಿನಲ್ಲಿ ಕಾಂಡ್ಲ ಗಿಡಗಳು, ಅವುಗಳಾಚೆ ಗುಲಾಬಿ ಬಣ್ಣದ ಒಂದು ಗೆರೆ. ಮೊದಲು ಬಟ್ಟೆ ಒಣಹಾಕಿದ್ದಾರೆಂದೆಣಿಸಿದೆವು. ಗೆರೆ ಚಲಿಸಿತು. ಸಾವಿರಾರು ರಾಜಹಂಸಗಳು, ಇಂಗ್ಲಿಷಿನವರು ಫ್ಲೆಮಿಂಗೋ ಎನ್ನುವ ಹಕ್ಕಿಗಳು, ತಲೆ ಕೆಳಗೆ ಮಾಡಿ ಕೆಸರನ್ನು ಸೋಸಿ ತಿನ್ನುತ್ತಿದ್ದವು. ಹಿನ್ನೆಲೆಯಲ್ಲಿ ಎಣ್ಣೆಯ ಟ್ಯಾಂಕು, ದೂರದಲ್ಲಿ 2024ರಲ್ಲಿ ತೆರೆದ ಅಟಲ್ ಸೇತುವೆಯ ಉದ್ದನೆಯ ಗೆರೆ. ಇಷ್ಟು ಸೊಗಸಾದ, ಇಷ್ಟು ವಿಚಿತ್ರವಾದ ನೋಟವನ್ನು ನಾವು ಮುಂಬಯಿಯಲ್ಲಿ ಬೇರೆಲ್ಲಿಯೂ ಕಂಡಿಲ್ಲ. ಮಗಳು ಎಣಿಸಲು ಹೋಗಿ ಇನ್ನೂರರಲ್ಲಿ ಸೋತಳು. ಈ ಒಂದು ನೋಟಕ್ಕಾಗಿಯಾದರೂ ಚಳಿಗಾಲದಲ್ಲಿ ನಮ್ಮವರು ಈ ಕಡೆ ಬರಬೇಕು.

ಇದೇ ನೀರಿನಲ್ಲಿ 2010ರ ಆಗಸ್ಟ್ 7ರಂದು ಚಿತ್ರಾ ಮತ್ತು ಖಲೀಜಿಯಾ ಎಂಬ ಎರಡು ಹಡಗುಗಳು ಡಿಕ್ಕಿ ಹೊಡೆದು ಸುಮಾರು 800 ಟನ್ ಎಣ್ಣೆ ಚೆಲ್ಲಿತ್ತು. ಕಾಂಡ್ಲದ ಬೇರುಗಳಿಗೆ ಡಾಂಬರು ಬಳಿದಂತಾಗಿ, ಮೀನು ಮಾರಾಟ ನಿಂತಿತ್ತು. 2017ರ ಅಕ್ಟೋಬರಿನಲ್ಲಿ ಬುಚರ್ ದ್ವೀಪದ ಟ್ಯಾಂಕಿಗೆ ಸಿಡಿಲು ಬಡಿದು ಡೀಸೆಲು ದಿನಗಟ್ಟಲೆ ಉರಿದಿತ್ತು. ಖಾರಿಯ ಆಚೆ ದಡದ ಕೋಳಿಗಳು ಬಂದರು, ಸಿಡ್ಕೋ ಮತ್ತು ಎಣ್ಣೆ ಪ್ರಾಧಿಕಾರಗಳ ಕಾಮಗಾರಿಯಿಂದ ಮೀನಿನ ನೆಲೆ ಹಾಳಾಯಿತೆಂದು ದಾವೆ ಹೂಡಿದ್ದರು. 2015ರ ಫೆಬ್ರವರಿಯಲ್ಲಿ ಹಸಿರು ನ್ಯಾಯಮಂಡಳಿ 1,630 ಕುಟುಂಬಗಳಿಗೆ 95.19 ಕೋಟಿ ಪರಿಹಾರ ವಿಧಿಸಿತು. ಅದರಲ್ಲಿ ಐದನೆಯ ಒಂದು ಪಾಲು ತೈಲ ಮತ್ತು ನೈಸರ್ಗಿಕ ಅನಿಲ ನಿಗಮ, ಅಂದರೆ ಒ.ಎನ್.ಜಿ.ಸಿ.ಯದು. ಮೀನು ಹೋದರೆ ಮೀನುಗಾರನಿಗೆ ಲೆಕ್ಕ ಹಾಕಿ ಕೊಡಬೇಕಾದ ನಷ್ಟವಿದೆ ಎಂದು ಕಾಗದದ ಮೇಲೆ ಒಪ್ಪಿದ್ದೇ ದೊಡ್ಡದು.

ಅದೇ ಒ.ಎನ್.ಜಿ.ಸಿ. ನಮ್ಮ ಊರಿನವರಿಗೆ ಅಪರಿಚಿತವಲ್ಲ. 1988ರಲ್ಲಿ ಹಿಂದೂಸ್ತಾನ್ ಪೆಟ್ರೋಲಿಯಂ ಮತ್ತು ಬಿರ್ಲಾರವರು ಸೇರಿ ಸ್ಥಾಪಿಸಿದ ಮಂಗಳೂರಿನ ಎಂ.ಆರ್.ಪಿ.ಎಲ್. 2003ರಿಂದ ಒ.ಎನ್.ಜಿ.ಸಿ.ಯ ಕೈಯಲ್ಲಿದೆ. ಕುತ್ತೆತ್ತೂರು, ಪೆರ್ಮುದೆ, ಬಾಳ, ಕಳವಾರಿನ ಗದ್ದೆ ತೋಟಗಳ ಮೇಲೆ ಅದು ನಿಂತಿದೆ. ಪಕ್ಕದ ಕಾಟಿಪಳ್ಳವಂತೂ ಅದಕ್ಕೂ ಮೊದಲು ಪಣಂಬೂರಿನ ಬಂದರಿಗಾಗಿ ಎದ್ದವರನ್ನು ಕೂರಿಸಿದ ಜಾಗ. ಜೋಕಟ್ಟೆಯವರು ಕೋಕಿನ ಕಪ್ಪು ಧೂಳು ಅನ್ನದ ಬಟ್ಟಲಿಗೆ ಬೀಳುತ್ತದೆಂದು ವರ್ಷಗಟ್ಟಲೆ ಚಳವಳಿ ಮಾಡಿದರು. 2021ರಲ್ಲಿ ಹೊಸ ನೇಮಕದ ಪಟ್ಟಿಯಲ್ಲಿ ಜಿಲ್ಲೆಯ ಹೆಸರುಗಳು ಬೆರಳೆಣಿಕೆಯಷ್ಟೇ ಎಂದು ದಕ್ಷಿಣ ಕನ್ನಡದಲ್ಲಿ ಗದ್ದಲವೆದ್ದಿತು. ಭೂಮಿ ನಮ್ಮದು, ಕೆಲಸ ಹೊರಗಿನವರಿಗೆ ಎಂದರು. ಆ ಸಲ ಊರಿನಿಂದ ಬಂದ ಫೋನುಗಳಲ್ಲೆಲ್ಲ ಅದೇ ಮಾತು. ನಾವೂ ಚೆಂಬೂರಿನ ಮನೆಯಲ್ಲಿ ಕುಳಿತು "ಅನ್ಯಾಯ, ದೊಡ್ಡ ಅನ್ಯಾಯ" ಎಂದು ಬಿಸಿಯಾಗಿ ಮಾತಾಡಿದೆವು. ಮೂರು ಕಿಲೋಮೀಟರಿನ ಆಚೆಯ ಮಾಹುಲ್ ನಮಗಾಗ ಜ್ಞಾಪಕಕ್ಕೆ ಬರಲಿಲ್ಲ.

ಇನ್ನೊಂದು ವಿಚಿತ್ರ. ವಿದೇಶೀ ಕಂಪೆನಿಯಾಗಿ ಬಂದದ್ದನ್ನು ದೇಶದ್ದು ಮಾಡಿಕೊಂಡೆವಷ್ಟೆ; ಈಗ ನಮ್ಮ ಕಂಪೆನಿಗಳೇ ಬೇರೆಯವರ ದೇಶದಲ್ಲಿ ವಿದೇಶೀಯರು. ಆಫ್ರಿಕದ ಮೊಜಾಂಬಿಕ್‌ನ ಉತ್ತರ ತೀರದಲ್ಲಿ ಸಮುದ್ರದಡಿಯ ಅನಿಲವನ್ನು ತೆಗೆಯುವ ಒಂದು ಯೋಜನೆಯಲ್ಲಿ ಒ.ಎನ್.ಜಿ.ಸಿ., ಭಾರತ್ ಪೆಟ್ರೋಲಿಯಂ ಮತ್ತು ಆಯಿಲ್ ಇಂಡಿಯಾ ಸಮೂಹಗಳಿಗೆ ಒಟ್ಟು ನೂರಕ್ಕೆ ಮೂವತ್ತು ಪಾಲಿದೆ. ಕಾರ್ಖಾನೆಗಾಗಿ ಅಲ್ಲಿಯೂ ಮೀನುಗಾರರ ಊರನ್ನು ಸಮುದ್ರದಿಂದ ದೂರಕ್ಕೆ ಸಾಗಿಸಿದ್ದಾರೆ. ಕೆಲಸ ಯಾರಿಗೆ ಎಂಬ ಪ್ರಶ್ನೆ ಅಲ್ಲಿಯೂ ಎದ್ದಿದೆ. ಅಲ್ಲಿಯ ಮೇಜಿನ ಆಚೆ ಯಾರು, ಯಾವ ಭಾಷೆಯಲ್ಲಿ "ಊರು ಯಾವುದು?" ಎಂದು ಕೇಳುತ್ತಿದ್ದಾರೋ!

ಬಿಸಿಲು ಇಳಿಯಿತು. ಖಾರಿಗೆ ನೀರು ತುಂಬುತ್ತ ಬಂದು ಹಕ್ಕಿಗಳು ಹಾರಿದವು. ಹಿಂದಿರುಗುವಾಗ ಮುದುಕರಿಗೆ ಹೇಳಿಹೋಗಲು ನಿಂತೆವು. ಅವರ ಮೊಮ್ಮಗನೊಬ್ಬ ಅಷ್ಟರಲ್ಲಿ ಪಾಳಿ ಮುಗಿಸಿ ಬಂದಿದ್ದ. ಡಿಪ್ಲೊಮಾ ಮಾಡಿದ ಹುಡುಗ. ಸುತ್ತಲಿನ ಕಾರ್ಖಾನೆಗಳಲ್ಲಿ ಎಲ್ಲಿ ಕಂತ್ರಾಟು ಸಿಕ್ಕಿದರೆ ಅಲ್ಲಿ, ಮೂರು ತಿಂಗಳು ಇಲ್ಲಿ, ಆರು ತಿಂಗಳು ಅಲ್ಲಿ. ದೊಡ್ಡಪ್ಪ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಪ್ರೆಂಟಿಸಿನ ಅರ್ಜಿ ಯಾವಾಗ ಕರೆಯುತ್ತಾರೆ, ಯಾವ ಯಾವ ಕಾಗದ ಬೇಕು, ಪರೀಕ್ಷೆಯಲ್ಲಿ ಏನು ಕೇಳುತ್ತಾರೆ ಎಂದು ಅರ್ಧ ತಾಸು ಹೇಳಿಕೊಟ್ಟರು. ಡೊಮಿಸೈಲ್ ಪತ್ರ ಇದೆಯೇ ಎಂದು ಕೇಳಿದೆವು. ಇಲ್ಲ ಎಂದ. ನಮ್ಮ ಕಚೇರಿಯ ವಿಳಾಸವನ್ನೂ ಬೇಕಾದ ಕಾಗದಗಳ ಪಟ್ಟಿಯನ್ನೂ ಮಗಳ ನೋಟುಪುಸ್ತಕದ ಹಾಳೆಯಲ್ಲಿ ಬರೆದುಕೊಟ್ಟೆವು. ಎರಡು ವಾರದ ಮೇಲೆ ಅವನು ಬಂದ. ಅಜ್ಜನ ಶಾಲೆಯ ಒಂದು ಹಳದಿ ಬಣ್ಣದ ದಾಖಲೆಯನ್ನೂ ತಂದಿದ್ದ, ಅದು ಬೇಕಾಗಿರಲಿಲ್ಲ.

ಹೊರಡುವಾಗ ಸೊಸೆ ಹಳೆಯ ಪತ್ರಿಕೆಯಲ್ಲಿ ಕಟ್ಟಿದ ಒಣ ಬೊಂಬಿಲಿನ ಪೊಟ್ಟಣ ಕೊಟ್ಟಳು. ದೊಡ್ಡಪ್ಪ ಹಣ ಕೊಡಹೋದರೆ ಮುದುಕರು ಕೈ ಮುಚ್ಚಿದರು. "ನೆಂಟರಿಂದ ತೆಗೆದುಕೊಳ್ಳುವುದಿಲ್ಲ" ಎಂದರು. ಏಪ್ರಿಲಿನಲ್ಲಿ ಊರಿನ ರೈಲು ಹತ್ತುವಾಗ ದೊಡ್ಡಪ್ಪನವರ ಸಾಮಾನಿನಲ್ಲಿ ಆ ಪೊಟ್ಟಣವೂ ಇತ್ತು. ಬೋಗಿಯವರು ವಾಸನೆಗೆ ಗೊಣಗಿದರಂತೆ. ಇವರು ಅದನ್ನು ತಲೆದಿಂಬಿನ ಕೆಳಗಿಟ್ಟುಕೊಂಡು ಸುರತ್ಕಲ್ ಬರುವವರೆಗೆ ಮಲಗಿದರಂತೆ.